ಮುಡಿ ಕೊಟ್ಟದ್ದಲ್ಲ

ಅಮ್ಮನ ಕೂದಲು ಉದುರಿದ್ದಕ್ಕೆ ಚಿಕ್ಕಮ್ಮ ಕಂಡುಹಿಡಿದ ಕಾರಣ ಸುಲಭದ್ದು: ಎದೆಯ ಕ್ಯಾನ್ಸರ್ ತಲೆಗೇರಿದೆ. ಎರಡನೆಯ ಸಲದ ಕೀಮೋ ಮದ್ದಿಗೆ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ತಲ್ಲೂರಿನ ನಮ್ಮ ಜಗಲಿಯಲ್ಲಿ ಕುಳಿತು ತೀರ್ಪು ಕೊಟ್ಟಳು.

"ಅಕ್ಕ, ಈ ಮದ್ದೇ ಬ್ಯಾಡ. ಒಂದ್ ಸಲಕ್ಕೇ ತಲಿಗ್ ಏರಿತ್ ಕಾಣ್. ಇನ್ನೊಂದ್ ಸಲ ಹೋರೆ ಎಂತ ಉಳೂದ್?"

ಅಮ್ಮ ದಿಂಬಿನ ಮೇಲಿನ ಕೂದಲನ್ನು ಉಂಡೆ ಮಾಡುತ್ತಾ, "ನಾನಿನ್ ಹೋತಿಲ್ಲೆ" ಎಂದಳು. ವಂಡ್ಸೆ ಪೇಟೆಯಲ್ಲಿ ಮೀನು ಮಾರುವಾಗ ಯಾರಿಗೂ ಸೊಪ್ಪು ಹಾಕದ ಹೆಂಗಸು ತಂಗಿಯ ಒಂದು ಮಾತಿಗೆ ಸೋತದ್ದು ಕಂಡು ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಆಗ ನಾನು ಕುಂದಾಪುರದಲ್ಲಿ ಬಿಎಸ್ಸಿ ಓದುತ್ತಿದ್ದೆ. ಈರುಳ್ಳಿ ಬೇರಿನ ತುದಿಗೆ ಬಣ್ಣ ಹಾಕಿ, ಗಾಜಿನ ನಡುವೆ ಒತ್ತಿ, ಸೂಕ್ಷ್ಮದರ್ಶಕದಲ್ಲಿ ನೋಡಿದ್ದೆ. ಹೆಚ್ಚಿನ ಜೀವಕೋಶಗಳು ಸುಮ್ಮನಿದ್ದಂತೆ ಕಾಣುತ್ತವೆ, ಆದರೆ ಸುಮ್ಮನಿರುವುದಿಲ್ಲ. ಬೆಳೆಯುತ್ತವೆ, ಒಳಗಿನ ವರ್ಣತಂತುಗಳಿಗೆ ಇನ್ನೊಂದು ಪ್ರತಿ ಮಾಡಿಕೊಳ್ಳುತ್ತವೆ, ತಪ್ಪಾಗಿದೆಯೇ ಎಂದು ನೋಡಿಕೊಳ್ಳುತ್ತವೆ. ಆಮೇಲೆ ಆ ಜೋಡಿಗಳು ನಡುವಿನಲ್ಲಿ ಸಾಲಾಗಿ ನಿಂತು, ಬೇರ್ಪಟ್ಟು ಎರಡು ಬದಿಗೆ ಸರಿದಾಗ ಒಂದು ಕೋಶ ಎರಡಾಗುತ್ತದೆ. ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ, ಜಗಲಿಯಲ್ಲಿ ಜಗಳಕ್ಕೆ ಬೇಕಾದೀತೆಂದು ಎಣಿಸಿರಲಿಲ್ಲ.

"ಅಮ್ಮ, ಮದ್ದಿಗೆ ಕಣ್ಣಿಲ್ಲೆ," ಎಂದೆ. "ಯಾವ್ದ್ ಬೇಗ ಬೇಗ ಎರಡಾತ್ತೋ ಅದನ್ನ್ ಹಿಡ್ದ್ ಕೊಲ್ಲತ್ತ್, ಅಷ್ಟೇ. ಕಾಯ್ಲಿ ಕೋಶ ನಿಲ್ದೇ ಎರಡಾತಾ ಇರತ್ತ್. ಕೂದ್ಲ ಬೇರಿಂದೂ ಹಾಂಗೇ. ಅದಕ್ಕೇ ಉದ್ರದ್ದ್. ತಲಿಗ್ ಎಂತದೂ ಏರ್ಲಿಲ್ಲ."

"ಹಾಂಗಾರೆ ಎದಿ ಗಡ್ಡಿ ಕರಗತ್ತಾ?" ಅಮ್ಮ ಕೇಳಿದಳು.

"ಅದ್ ನಂಗೊತ್ತಿಲ್ಲೆ. ಕೂದ್ಲ್ ಮಾತ್ರ ಪುನಾ ಬತ್ತ್."

ಅಮ್ಮ ಕೂದಲುಂಡೆಯನ್ನು ಅಂಗೈಯಲ್ಲಿ ಇನ್ನಷ್ಟು ಉರುಟಾಗಿಸಿದಳು. "ಎರಡ್ ಮದ್ದಿನ ಮಧ್ಯ ಅಷ್ಟ್ ದಿನ ಬಿಡೂದ್ ಎಂತಕೆ?"

"ಒಳ್ಳೆ ಕೋಶ ಪುನಾ ಹುಟ್ಟೂಕೆ."

"ಮಳ್ಗಾಲದಾಗೆ ಮೀನ್ ಮರಿ ಹಾಕ್ಲಿ ಅಂದೇಳಿ ದೋಣಿ ಮೇಲ್ ಎಳ್ದ್ ಇಡ್ತ್ರಲೆ, ಹಾಂಗೆ," ಎಂದು ಕೂದಲುಂಡೆಯನ್ನು ಹಿತ್ತಿಲಿಗೆ ಎಸೆದಳು. "ಸರಿ, ನಾಳೆ ಹೋಪ."

ಚಿಕ್ಕಮ್ಮ ಅಷ್ಟಕ್ಕೇ ಬಿಡುವವಳಲ್ಲ. "ಯಾರಾರೂ ಕೇಂಡ್ರೆ ತಿರುಪತಿಗ್ ಮುಡಿ ಕೊಟ್ಟದ್ದ್ ಅಂದೇಳಿ ಹೇಳ್," ಎಂದಳು. ನಮ್ಮ ಕಡೆ ಹರಕೆಯ ಬೋಳುತಲೆಗೆ ಮರ್ಯಾದೆ ಇದೆ, ಕಾಯಿಲೆಯ ಬೋಳುತಲೆಗೆ ಬರೀ ಪಿಸುಮಾತು. ದೇವರ ಹೆಸರಲ್ಲಿ ಸುಳ್ಳು ಹೇಳಿದರೆ ಪಾಪವಲ್ಲ, ನಿಜ ಹೇಳಿದರೆ ಮಾನ ಹೋಗುತ್ತದೆ. ಈ ಲೆಕ್ಕ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಮದ್ದು, ಆಪರೇಷನ್ ಎಲ್ಲ ಮುಗಿದು, ಡಾಕ್ಟರು ಕೆಲಸಕ್ಕೆ ಹೋಗಬಹುದು ಎಂದ ಮೇಲೆ ಅಮ್ಮ ವಂಡ್ಸೆಗೆ ಹೊರಟಳು. ಮುಡಿಯಲು ಕೂದಲಿಲ್ಲ, ದಿನವೂ ಮುಡಿಯುತ್ತಿದ್ದ ಅಬ್ಬಲಿಗೆ ಹೂವಿನ ಮಾಲೆಯನ್ನು ಮೀನಿನ ಬುಟ್ಟಿಯ ಅಂಚಿಗೆ ಸುತ್ತಿದಳು. ಬುಟ್ಟಿ ಹೊತ್ತು ಜೊತೆಗೆ ನಾನೂ ಹೋಗಿದ್ದೆ. ಕಾಯಂ ಗಿರಾಕಿಯೊಬ್ಬಳು ಅಮ್ಮನ ಬೋಳುತಲೆಗೆ ಕಟ್ಟಿದ್ದ ಬಟ್ಟೆ ಕಂಡು ಕೈಮುಗಿಯುತ್ತಾ, "ತಿರುಪತಿಗ್ ಹೋದ್ದಾ?" ಎಂದಳು.

ಅಮ್ಮ ಬಟ್ಟೆ ಬಿಚ್ಚಿದಳು. "ಮುಡಿ ಕೊಟ್ಟದ್ದಲ್ಲ. ಎದಿ ಕ್ಯಾನ್ಸರ್. ಕೂದ್ಲ್ ಮದ್ದಿಗೆ ಉದ್ರಿ ಹೋದ್ದ್. ಅಂಟ್ಕಂಬುದಲ್ಲ. ಬಂಗುಡೆ ಬೇಕಾ?"

ಅವಳು ಕೊಳ್ಳದೆ ಪಕ್ಕದ ಬುಟ್ಟಿಗೆ ಹೋದಳು. ಅವತ್ತು ಅರ್ಧ ಮೀನು ಉಳಿಯಿತು. ಮರುದಿನ ಅಮ್ಮ ತಲೆಬಟ್ಟೆಯನ್ನೇ ಕಟ್ಟದೆ ಹೋಗಿ ಅದೇ ಜಾಗದಲ್ಲಿ ಕುಳಿತಳು. ಆ ಹೆಂಗಸು ತಿರುಗಿ ಬರಲು ಒಂದು ಮಳೆಗಾಲ ಬೇಕಾಯಿತು.

ಅಷ್ಟರಲ್ಲಿ ಕೂದಲು ಬಂದಿತ್ತು, ಹಿಂದೆಂದೂ ಇಲ್ಲದಷ್ಟು ಗುಂಗುರಾಗಿ. ಚಿಕ್ಕಮ್ಮ ಅದನ್ನು ಸವರಿ ಸವರಿ ಕಣ್ಣೊರೆಸಿಕೊಂಡಳು. "ದೇವ್ರ್ ಉಳ್ಸಿದ್ದ್ ಅಕ್ಕ. ಈಗಾರೂ ತಿರುಪತಿಗ್ ಹೋಯಿ ಮುಡಿ ಕೊಟ್ಟ್ ಬಪ್ಪ."

ಅಮ್ಮ ಅವಳ ಕೈಯನ್ನು ಮೆಲ್ಲಗೆ ಸರಿಸಿದಳು.

"ದೇವ್ರಿಗ್ ಹಣ್ಕಾಯಿ ಮಾಡ್ಸ್ತೆ. ಈ ಕೂದ್ಲಾಗೆ ಒಂದ್ ಎಳಿನೂ ಕೊಡ್ತಿಲ್ಲೆ," ಎಂದಳು. ಆಮೇಲೆ ನನ್ನ ಕಡೆ ಕೈಚಾಚಿ, "ಮಗಾ, ಆ ಅಬ್ಬಲಿಗಿ ಇತ್ಲಾಗ್ ಕೊಡ್."