ನನ್ನ ಅಂಗಡಿಯಲ್ಲಿ ಸೊರ ಮೀನಿಲ್ಲ

ಕ್ರೇಟನ್ನು ಎತ್ತಿ ಮತ್ತೆ ಗಾಡಿಯೊಳಗೇ ತಳ್ಳಿದೆ. ಐಸ್ ನೀರು ನನ್ನ ಅಂಗಿಯ ಮೇಲೆಲ್ಲ ಚೆಲ್ಲಿತು.

"ಎಂತ ಮಾರಾಯ, ಐಸಿನಲ್ಲಿಟ್ಟು ಇಷ್ಟು ದೂರ ತಂದದ್ದು ನಾನು" ಎಂದ ಡ್ರೈವರ್. ಮಂಗಳೂರಿನ ಬಂದರಿನಿಂದ ನಮಗೆ ಮೀನು ತರುವವನು ಅವನೇ.

"ಸೊರ ನಂಗ್ ಬ್ಯಾಡ ಅಂತ ಎಷ್ಟ್ ಸಲ ಏಳ್ಬೇಕು ನಿಂಗೆ?"

"ನಿನಗೆ ಬೇಡದಿದ್ದರೆ ಕೋಟೆ ಅಕ್ಕನಿಗೆ ಬೇಕು. ನೀನು ಬಿಟ್ಟದ್ದೂ ಅವರಿಗೇ ಹೋಗ್ತದೆ. ಎಂತ ಉಳಿಸಿದ ಹಾಗಾಯ್ತು ಈಗ ನೀನು?"

ಅವನು ಹೇಳಿದ್ದು ಸರಿ. ತೊಂದರೆ ಇದ್ದದ್ದೇ ಅಲ್ಲಿ.

ಹುಣಸೂರಿನಲ್ಲಿ ನನ್ನದು ಸಮುದ್ರದ ಮೀನಿನ ಅಂಗಡಿ. ಬೆಳಿಗ್ಗೆ ಬರುವ ಈ ಗಾಡಿ ಮೊದಲು ಪಿರಿಯಾಪಟ್ಟಣದಲ್ಲಿ ಮಾಲು ಇಳಿಸುತ್ತದೆ. ಆಮೇಲೆ ನನಗೆ ಕೊಟ್ಟು, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಯ ಮಾಲನ್ನು ನನ್ನ ಅಂಗಡಿ ಮುಂದೆಯೇ ಆಟೋಗಳಿಗೆ ಹಾಕಿ ವಾಪಸ್ ಹೋಗುತ್ತದೆ. ಶಾರ್ಕ್ ಅನ್ನುತ್ತಾರಲ್ಲ, ಅದೇ ನಮ್ಮ ಸೊರ. ಈ ನಾಲ್ಕು ಊರಲ್ಲೂ ಅದನ್ನು ಮಾರುವುದು ನಿಲ್ಲಬೇಕು ಅಂತ ನಾನು ಹಟ ಹಿಡಿದಿದ್ದೆ. ಪಿರಿಯಾಪಟ್ಟಣದ ಅಂಗಡಿಯವನೂ ಕೆ.ಆರ್. ನಗರದವನೂ ಒಂದೇ ಮಾತು ಹೇಳಿದ್ದರು: "ಕೋಟೆ ಅಕ್ಕ ಬುಟ್ರೆ ನಾವೂ ಬುಡ್ತೀವಿ. ನಾವ್ ಬುಟ್ಟು ಆಯಮ್ಮ ಮಾರ್ತಾ ಕುಂತ್ರೆ, ನಮ್ ಗಿರಾಕಿ ಎಲ್ಲ ಬಸ್ ಅತ್ಕಂಡು ಅಲ್ಲಿಗೋಯ್ತಾರೆ."

ಹಾಗಾಗಿ ಎಲ್ಲಾ ನಿಂತಿದ್ದು ಎಚ್.ಡಿ. ಕೋಟೆಯಲ್ಲಿ ಮೀನಂಗಡಿ ಇಟ್ಟಿರುವ ಕೋಟೆ ಅಕ್ಕನ ಮೇಲೆ.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಂದರಿನಲ್ಲಿ ಐಸ್ ಹೊಡೆಯುವ ಕೆಲಸಕ್ಕಿದ್ದೆ. ಸೊರ ಇಳಿದ ಕೂಡಲೇ ರೆಕ್ಕೆ ಕೊಯ್ಯುವುದನ್ನು ಅಲ್ಲಿ ನೋಡಿದೆ. ರೆಕ್ಕೆಯನ್ನು ಬೇರೆ ಒಣಗಿಸಿ ಚೀಲಕ್ಕೆ ತುಂಬುತ್ತಿದ್ದರು. ಹೊರದೇಶದಲ್ಲಿ ಅದರ ಸೂಪು ಕುಡಿಯುತ್ತಾರಂತೆ. ಕಳಿಸಬಾರದು ಅಂತ ಕಾನೂನಿದೆ. ಆದರೂ ಕೇಳಿಕೊಂಡು ಬರುವವರು ಬರುತ್ತಲೇ ಇದ್ದರು. ಉಳಿದ ಮೈಗೆ ಅಲ್ಲಿ ಅಷ್ಟು ಬೆಲೆಯಿಲ್ಲ, ಅದು ಘಟ್ಟ ಹತ್ತಿ ನಮ್ಮ ಕಡೆ ಬರುತ್ತದೆ. ನಾವು ಕೊಂಡಷ್ಟೂ ಅವರು ಹಿಡಿಯುತ್ತಾರೆ. ನಾನಿದ್ದಾಗಲೇ ದೊಡ್ಡವು ಕಮ್ಮಿಯಾಗಿ ಮೊಳದುದ್ದದ ಮರಿಗಳೇ ಬರತೊಡಗಿದ್ದವು. "ಇನ್ನು ನಮ್ಮ ಮಕ್ಕಳಿಗೆ ಎಂತ ಉಳೀತದೆ" ಅಂತ ಬೋಟಿನ ಮುದುಕರೇ ಗೊಣಗುತ್ತಿದ್ದರು. ಇದನ್ನು ಅರ್ಥ ಮಾಡಿಕೊಳ್ಳಲು ಕಾಲೇಜು ಓದಬೇಕಾಗಿಲ್ಲ.

ಮೊದಲು "ಇಲ್ಲಿ ಸೊರ ಮಾರುವುದಿಲ್ಲ" ಅಂತ ಬೋರ್ಡ್ ಬರೆಸಿ ಹಾಕಿದೆ. ಸೊರದ ಹೆಸರೇ ಕೇಳದಿದ್ದವರೂ ನಿಂತು, ಅಷ್ಟು ರುಚಿಯಾ ಅದು, ಎಲ್ಲಿ ಸಿಗುತ್ತೆ ಅಂತ ವಿಚಾರಿಸತೊಡಗಿದರು. ಬೋರ್ಡ್ ಕಿತ್ತು ಬಾಯಲ್ಲೇ ಹೇಳಲು ಶುರು ಮಾಡಿದೆ. ಹೊಗೆಸೊಪ್ಪಿನ ಹರಾಜಿಗೆ ಬಂದಿದ್ದ ರೈತನೊಬ್ಬ ಅದನ್ನು ಕೇಳಿ ಜೊತೆಯವನಿಗೆ ಹೇಳಿದ, "ಕೆರೆ ಏರಿ ದಾಟಿ ಸಮುದ್ರ ನೋಡ್ದೋರಲ್ಲ ನಾವು. ಇವ್ನು ಇಲ್ ಕುಂತು ಸಮುದ್ರ ಕಾಯ್ತಾವ್ನೆ ನೋಡ್ಲಾ."

"ಯಜಮಾನ್ರೇ, ನೀವು ಗಬ್ಬದ್ ಕುರಿ ಕುಯ್ತೀರಾ?" ಅಂದೆ.

"ಥೂ, ಯಾರಾದ್ರೂ ಕುಯ್ತಾರೇನ್ಲಾ?"

ಬಂದರಿನಲ್ಲಿ ತೆಗೆದಿದ್ದ ಫೋಟೊ ಫೋನಿನಲ್ಲಿತ್ತು. ತೋರಿಸಿದೆ. ಹೊಟ್ಟೆ ಸೀಳಿದ ಸೊರ, ಒಳಗೆ ಮರಿಗಳು, ಹೊಕ್ಕುಳಬಳ್ಳಿ ಸಮೇತ. ಅವನು ಕಂಡಿದ್ದೆಲ್ಲ ಮೊಟ್ಟೆ ಇಡುವ ಕೆರೆ ಮೀನು. ಫೋನನ್ನು ಕಣ್ಣಿನ ಹತ್ತಿರ ಹಿಡಿದುಕೊಂಡ.

"ಇದು ಈಯೋ ಮೀನಾ?"

"ಊಂ ಕಣ್ರೀ. ಸೂಲಿಗೆ ಒಂದಿಷ್ಟೇ ಮರಿ. ಕೆರೆ ಮೀನಿನಂಗೆ ಸಾವ್ರಗಟ್ಲೆ ಇಕ್ಕಲ್ಲ."

ಅವನು ಬಂಗುಡೆ ತೂಗಿಸಿಕೊಂಡು ಹೋದ. ಗಂಡಸರ ಹತ್ತಿರ ಆ ಫೋಟೊ ಸಾಕಾಗುತ್ತಿತ್ತು. ಬಾಣಂತಿ ಇರುವ ಮನೆಯವರ ಹತ್ತಿರ ನನ್ನ ಮಾತೇ ನಡೆಯುತ್ತಿರಲಿಲ್ಲ. ಸೊರ ತಿಂದರೆ ಬಾಣಂತಿಗೆ ಹಾಲು ಹೆಚ್ಚುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ಕೋಟೆ ಅಕ್ಕನ ವ್ಯಾಪಾರ ನಡೆಯುತ್ತಿದ್ದದ್ದೇ ಅವರಿಂದ.

ಡ್ರೈವರ್ ಕುಟುಕಿದ ದಿನವೇ ಬೈಕ್ ಹತ್ತಿ ಕೋಟೆಗೆ ಹೋದೆ. ಅಕ್ಕ ಮೀನಿನ ಪರೆ ಕೆರೆಯುತ್ತಾ ಕೂತಿದ್ದಳು. ನನಗಿಂತ ಬಹಳ ದೊಡ್ಡವಳು, ನನಗಿಂತ ಮೊದಲಿನಿಂದ ಈ ವ್ಯಾಪಾರದಲ್ಲಿರುವವಳು.

"ಬಾಪ್ಪಾ ಸೊರದ್ ಲಾಯ್ರಿ. ಫೋಟೊ ತೋರುಸ್ಬ್ಯಾಡ, ನೋಡಿವ್ನಿ. ಗಬ್ಬದ್ದು ಕುಯ್ಬಾರ್ದು, ಸರಿ, ಒಪ್ದೆ. ಸೊಸೆಗೆ ಹಾಲ್ ಬರ್ನಿಲ್ಲ ಕಣಕ್ಕ ಅಂತ ಒಬ್ಳು ಬಂದ್ ನಿಂತ್ರೆ ನಾನೇನ್ ಕೊಡ್ಲಿ? ನಿನ್ ಫೋನಾ?"

"ಸೊರ ತಿಂದ್ರೆ ಹಾಲ್ ಬತ್ತದೆ ಅಂತ ಯಾರಕ್ಕ ಏಳಿದ್ದು ನಿಮ್ಗೆ?"

"ಓಗಿ ನಿಮ್ಮವ್ವನ್ನ ಕೇಳು. ಮೊನ್ನೆ ನನ್ ತವೇ ತಗಂಡೋದ್ಲು, ನಿನ್ ತಂಗಿಗೆ ಅಂತ. ನನ್ ಮಗಂಗ್ ಏಳ್ಬ್ಯಾಡ ಕಣವ್ವ ಅಂದ್ಲು."

ಅಂಗಡಿ ಮುಂದೆ ನಿಂತಿದ್ದವರೆಲ್ಲ ನಕ್ಕರು. ನಾನು ಬೈಕ್ ತಿರುಗಿಸಿದೆ.

ತಂಗಿ ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಒಳಗೆ ಹೋದವನೇ ಅವ್ವನನ್ನು ಕೇಳಿದೆ. ಅವಳು ಅಂಜಲಿಲ್ಲ.

"ಊಂ, ತಂದೆ. ಏನೀಗ? ನಿನ್ ಸೊರ ಕಟ್ಕಂಡ್ ನಂಗೇನಾಗ್ಬೇಕು? ನೀನ್ ಉಟ್ಟಿದಾಗ ನಾನೂ ಇದ್ನೇ ತಿಂದಿದ್ದು."

"ಅದ್ಕೇ ನಾನ್ ಇಂಗಾಗಿರದು."

ಮಂಚದ ಮೇಲಿದ್ದ ತಂಗಿ ನಕ್ಕಳು. "ಅಣ್ಣ, ನಾನ್ ಒಂದ್ ತುತ್ತೂ ತಿಂದಿಲ್ಲ ಕಣೋ. ಆ ವಾಸ್ನೆಗೇ ವಾಕ್ರಿಕೆ ಬಂತು. ಫ್ರಿಜ್ಜಲ್ಲೇ ಬಿದ್ದದೆ."

"ಮತ್ತೆ ಹಾಲು?"

"ಹಾಲ್ಗೇನು, ಕೂಸು ಕುಡ್ದು ಕಕ್ತಾ ಅದೆ. ನಾನ್ ಉಂಡಿರದು ಸಬ್ಬಸಿಗೆ ಸೊಪ್ಪು, ನಾಟಿ ಕೋಳಿ ಸಾರು. ಆಗಾಗ ಕುಡುಸ್ತಾ ಇರು, ಅದ್ರಿಂದ್ಲೇ ಹಾಲ್ ಬತ್ತದೆ ಅಂತ ನರ್ಸಮ್ಮ ಏಳಿದ್ಲಲ್ಲ."

ಅವ್ವ ಒಲೆ ಕಡೆ ತಿರುಗಿಕೊಂಡಳು. ನಾನು ಅಲ್ಲೇ ಕೋಟೆ ಅಕ್ಕನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ತಂಗಿಯ ಕೈಗೆ ಕೊಟ್ಟೆ. ಅವಳು ಇದನ್ನೇ ಮತ್ತೊಮ್ಮೆ ಹೇಳಿದಳು.

"ನಿಂಗ್ ಬಂತು ತಾಯಿ. ಎಲ್ರಿಗೂ ಬಂದ್ಬುಡ್ತದಾ?" ಎಂದಳು ಅಕ್ಕ.

"ಬರ್ನಿಲ್ಲ ಅಂದ್ರೆ ಆಸ್ಪತ್ರೆಗೋಗ್ಬೇಕು ಕಣಕ್ಕ. ಮೀನಂಗ್ಡಿಗ್ಯಾಕ್ ಬತ್ತಾರೆ?"

ಅಕ್ಕ ಒಂದು ಷರತ್ತು ಹಾಕಿದಳು: "ಸರಿ. ನಾನ್ ಮೀನ್ ಮಾರೋ ಹಂಪಾಪುರದ್ ಸಂತೆಗೆ ನಿಮ್ಮಣ್ಣನ್ನ ಕಳ್ಸು. ಸೊರ ಕೇಳ್ಕ ಬರೋರ್ಗೆಲ್ಲ ಅವ್ನೇ ಉತ್ರ ಕೊಡ್ಲಿ. ನನ್ ಗಿರಾಕಿ ಒಪ್ಪುದ್ರೆ ನಾನೂ ಒಪ್ದಂಗೆ."

ಸಂತೆ ದಿನ ನನ್ನ ಅಂಗಡಿ ಮುಚ್ಚಿ ಅಕ್ಕನ ಪಕ್ಕದಲ್ಲಿ ನಿಂತೆ. ಮೊದಲು ಬಂದವಳು ಸೊಸೆಯ ಬಾಣಂತನ ಮಾಡುತ್ತಿದ್ದ ಅತ್ತೆ. ಸೊರ ಇಲ್ಲ, ಕೊಡಲ್ಲ ಅಂದೆ. ತಂಗಿ ಹೇಳಿದ್ದನ್ನು ಹೇಳಿದೆ.

"ಎದೆ ಹಾಲಿನ್ ವಿಷ್ಯ ನಿಂಗೇನ್ಲಾ ಗೊತ್ತು? ಮದ್ವೆ ಆಗಿದ್ದೀಯಾ?"

"ಇಲ್ಲ ಕಣವ್ವ."

"ಮತ್ತೆ ಮುಚ್ಕಂಡ್ ಮೀನ್ ತೂಗು."

ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಿದ್ದಳು. ನಾನು ಫೋಟೊ ತೋರಿಸಿದೆ. ಆ ಹೆಂಗಸು ಹೊಕ್ಕುಳಬಳ್ಳಿಯನ್ನೇ ನೋಡಿದಳು, ಫೋನನ್ನು ನನ್ನ ಕಡೆ ತಳ್ಳಿದಳು.

"ಇದ್ನಾ ಬಾಣಂತಿ ಮನೆಗೆ ತಗಂಡೋಗದು?" ಎಂದು ಅಕ್ಕನ ಕಡೆ ತಿರುಗಿದಳು. "ಇಷ್ಟ್ ದಿನ ಇದ್ನ ಕೊಟ್ಟಿದ್ಯೇನವ್ವ ನೀನು? ಮೊದ್ಲೇ ಏಳಾಕಾಯ್ತಿರ್ನಿಲ್ವಾ?"

ಅಕ್ಕನ ನಗು ನಿಂತಿತು. ಆ ಹೆಂಗಸು ಬೈದುಕೊಂಡೇ ಬಂಗುಡೆ ತೆಗೆದುಕೊಂಡು ಪಕ್ಕದ ತರಕಾರಿ ಅಂಗಡಿಗೆ ಹೋಗಿ ಅಲ್ಲಿದ್ದ ಹೆಂಗಸರಿಗೆಲ್ಲ ಹೇಳಿದಳು. ಆಮೇಲೆ ಬಂದವರು ಸೊರ ಕೇಳುವ ಮೊದಲೇ ಫೋಟೊ ಕೇಳಿದರು. ಇಬ್ಬರು ಮಾತ್ರ ನನ್ನನ್ನು ಬೈದು, ಏನೂ ಕೊಳ್ಳದೆ ಹೋದರು. ಹೋಗಲಿ.

ಮಧ್ಯಾಹ್ನ ಅಕ್ಕ ನನ್ನೆದುರೇ ಡ್ರೈವರಿಗೆ ಫೋನ್ ಮಾಡಿದಳು. "ನಾಳೆಯಿಂದ ನಂಗೆ ಸೊರ ಆಕ್ಬ್ಯಾಡಪ್ಪ." ಫೋನ್ ಇಟ್ಟು ನನಗೆ ಹೇಳಿದಳು, "ನೀನು ಮುಂದಿನ್ ಸಂತೆಗೂ ಬಾ. ಬೈಸ್ಕಳಕ್ಕೆ ಒಬ್ರು ಬೇಕು."

ಪಿರಿಯಾಪಟ್ಟಣದವನೂ ಕೆ.ಆರ್. ನಗರದವನೂ ಮಾತಿಗೆ ತಪ್ಪಲಿಲ್ಲ. ಬಂದರಿನಲ್ಲಿ ರೆಕ್ಕೆ ಕೊಯ್ಯುವುದು ಇದರಿಂದ ನಿಂತಿಲ್ಲ, ಅದು ನನಗೂ ಗೊತ್ತು. ಆದರೆ ಈ ನಾಲ್ಕು ಊರಿಗೆ ಈಗ ಸೊರ ಬರುವುದಿಲ್ಲ. ಇವುಗಳ ಆಚೆಯ ತಾಲೂಕುಗಳ ಅಂಗಡಿಯವರ ಹತ್ತಿರವೂ ಮಾತಾಡುತ್ತಿದ್ದೇನೆ, ಅವರೂ ಒಪ್ಪುತ್ತಾರೆ. ಇಷ್ಟೇ. ಇನ್ನು ಹೇಳುವುದೇನೂ ಇಲ್ಲ.