ಹಸಿರು ಸುಣ್ಣದ ವರ್ಷ

ಮುನಿಸ್ವಾಮಪ್ಪ ಮೊದಲ ಸಲ ಕಣ್ಣಿಗೆ ಬಿದ್ದ ದಿನ, ಇವನು ಹಗಲಲ್ಲೇ ಮನೆ ನೋಡಿಕೊಂಡು ಹೋಗಲು ಬಂದ ಕಳ್ಳನೆಂದು ಅಕ್ಕಯ್ಯಮ್ಮ ತೀರ್ಮಾನಿಸಿದಳು. ಸಂಕ್ರಾಂತಿ ಕಳೆದು ಹದಿನೈದು ದಿನವಾಗಿತ್ತು. ಬಂಗಾರಪೇಟೆಯಿಂದ ಬಂದ ಬೆಳಗಿನ ರೈಲು ಉರಿಗಾಂ ಬಿಟ್ಟು ಮಾರಿಕುಪ್ಪಂ ಕಡೆ ಹೋದ ಮೇಲೆ, ಬಿಳಿ ಗಡ್ಡದ ಸಣಕಲು ಆಳೊಬ್ಬ ಹಳೆಯ ಚಿನ್ನದ ಗಣಿಯ ಲೈನ್ ಮನೆಗಳ ಗೋಡೆಗಳನ್ನು ಬೆರಳಗೆಣ್ಣಿನಿಂದ ತಟ್ಟಿ ತಟ್ಟಿ, ಕಿವಿಗೊಟ್ಟು ಕೇಳುತ್ತಾ ಬಂದ. ಕೊರಳಲ್ಲಿ ಕರಿದಾರಕ್ಕೆ ಕಟ್ಟಿದ ಭೂತಗನ್ನಡಿ, ಕಂಕುಳಲ್ಲಿ ದಪ್ಪ ಪುಸ್ತಕ. ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅಕ್ಕಯ್ಯಮ್ಮ ಮೊರ ಕೆಳಗಿಟ್ಟು ಬಾಗಿಲಿಗೆ ಅಡ್ಡ ನಿಂತಳು.

"ಗೋಡೆ ಒಳಗೆ ಚಿನ್ನ ಐತೆ ಅಂತ ಯಾವೋನಯ್ಯ ಏಳಿದ್ದು ನಿಂಗೆ?"

"ಚಿನ್ನ ಎಲ್ಲಾ ನಾವೇ ಮೇಲಕ್ಕೆ ಕಳಿಸಿ ಮುಗಿಸಿದ್ವಿ ಅಕ್ಕಾ. ಈಗ ಬಿರುಕು ನೋಡಕ್ಕೆ ಬಂದಿದೀನಿ."

ಬಿರುಕು ಎಂದದ್ದೇ ಅವಳ ಅನುಮಾನ ಇಮ್ಮಡಿಯಾಯಿತು. ಬಿರುಕು ಹೊಸದಾಗಿರುವ ಮನೆಗಳ ಪಟ್ಟಿ ಆಗುತ್ತದೆ, ಪಟ್ಟಿಗೆ ಬಿದ್ದವರನ್ನು ಮನೆಯಿಂದ ಎಬ್ಬಿಸುತ್ತಾರೆ ಎಂಬ ಸುದ್ದಿ ನಲ್ಲಿಯ ಹತ್ತಿರ ವಾರದಿಂದ ಓಡಾಡುತ್ತಿತ್ತು. ಮದುವೆಯಾಗಿ ಬಂದು ಐವತ್ತು ವರ್ಷ ಬಾಳಿದ ಮನೆ ಅದು. ಗಂಡ ತೀರಿಕೊಂಡು ಹದಿನಾಲ್ಕು ವರ್ಷವಾದರೂ ಅವಳು ಅಲ್ಲಿಂದ ಕದಲಿರಲಿಲ್ಲ.

ಅವತ್ತು ಅವನನ್ನು ಒಳಗೆ ಬಿಡಲಿಲ್ಲ. ಮೂರು ದಿನ ಅವನ ಪೂರ್ವಾಪರ ವಿಚಾರಿಸಿದಳು. ಬಂಗಾರಪೇಟೆ ಪಕ್ಕದ ಹಳ್ಳಿಯವನು. ಹದಿನೆಂಟಕ್ಕೇ ಗಣಿಗೆ ಇಳಿದವನು. ಸರ್ವೆಯವರ ಹಿಂದೆ ದೀಪ ಹಿಡಿಯುವುದು ಕೆಲಸ. ಅದರ ಜೊತೆಗೆ ಬಂಡೆಯ ಬಿರುಕುಗಳಿಗೆ ಅಡ್ಡಲಾಗಿ ದೀಪದ ಮಸಿ ಬಳಿದಿಟ್ಟು, ಮರುದಿನ ಬಂದು ಆ ಮಸಿ ಗೆರೆ ತುಂಡಾಗಿದೆಯೇ ಎಂದು ನೋಡುವುದು. ತುಂಡಾಗಿದ್ದರೆ ಬಂಡೆ ಜರುಗಿದೆ ಎಂದರ್ಥ. ಗಣಿ ಮುಚ್ಚಿದ ಮೇಲೆ ಬಂಗಾರಪೇಟೆ ಸ್ಟೇಷನ್ ಎದುರು ಸೈಕಲ್ ರಿಪೇರಿ ಮಾಡಿಕೊಂಡಿದ್ದ. ಈಗ ಭೂವಿಜ್ಞಾನಿಗಳ ತಂಡವೊಂದು ಆರು ತಿಂಗಳ ಮಟ್ಟಿಗೆ ಕರೆದುಕೊಂಡಿತ್ತು. ಸೈಕಲ್ ಟ್ಯೂಬಿನ ತೂತನ್ನು ಹೇಗೆ ಹುಡುಕುತ್ತಿದ್ದನೋ ಬಿರುಕನ್ನೂ ಹಾಗೇ ಹುಡುಕುತ್ತಾನೆ, ಅವಸರವೇ ಇಲ್ಲ ಎಂದು ಯಾರೋ ನಕ್ಕರು.

ನಾಲ್ಕನೆಯ ದಿನ ಅವನ ಜೊತೆ ತಂಡದ ಅರ್ಚನ ಮೇಡಂ ಬಂದರು. ಲೈನಿನ ಅಡಿಯಲ್ಲಿ ಬಂಡೆಯೊಂದು ಸೀಳಿಕೊಂಡಿದೆ, ಎಷ್ಟೋ ವರ್ಷಕ್ಕೊಮ್ಮೆ ಕೂದಲೆಳೆಯಷ್ಟು ಜಾರುತ್ತದೆ ಎಂದು ಅವರು ತಿಳಿಯಹೇಳಿದರು. ಯಾವಾಗ ಯಾವಾಗ ಜಾರಿದೆ ಎಂದು ಗೊತ್ತಾದರೆ ಮುಂದೇನು ಎಂದು ಅಂದಾಜು ಮಾಡಬಹುದಂತೆ. ಅದಕ್ಕೇ ಹಿಂದಿನ ಬಯಲಲ್ಲಿ ಎದೆಯುದ್ದ ಗುಂಡಿ ತೋಡಿ ಮಣ್ಣಿನ ಪದರ ನೋಡುತ್ತಿದ್ದರು. ಸೀಳು ಕತ್ತರಿಸಿದ ಪದರ ಸೀಳಿಗಿಂತ ಹಳೆಯದು, ಸೀಳಿನ ಮೇಲೆ ಮುಚ್ಚಿಕೊಂಡ ಪದರ ಹೊಸದು. ವರ್ಷ ವರ್ಷ ಸುಣ್ಣ ಬಳಿದ ಗೋಡೆಗೂ ಅದೇ ಲೆಕ್ಕ.

ಮುನಿಸ್ವಾಮಪ್ಪ ಹಿಂದಿನ ಕೋಣೆಯ ಬಿರುಕಿನ ಪಕ್ಕ ಅಂಗೈಯಗಲ ಜಾಗವನ್ನು ಬ್ಲೇಡಿನಿಂದ ಕೆರೆದ. ಮೇಲೆ ಬಿಳಿ, ಕೆಳಗೆ ಹಳದಿ. ಎರಡೂ ಬಿರುಕಿನೊಳಗೆ ಇಳಿದಿದ್ದವು. ಅದರಡಿಯ ಹಸಿರು ಮಾತ್ರ ನೇರವಾಗಿ ಸೀಳಿಹೋಗಿತ್ತು.

"ಈ ಅಸಿರು ಯಾವ ವರ್ಸದ್ದು ಅಕ್ಕಾ?"

ಅಕ್ಕಯ್ಯಮ್ಮನಿಗೆ ಒಂದೊಂದು ಸಂಕ್ರಾಂತಿಯ ಬಣ್ಣವೂ ನೆನಪಿತ್ತು. ಹಸಿರು ಬಳಿದು ಎರಡೇ ವರ್ಷವಾಗಿತ್ತು. ಆದರೆ ಅವಳು ಕಣ್ಣು ಪಿಳುಕಿಸದೆ, "ಅದು ಯಜಮಾನ್ರು ಇದ್ದಾಗಿಂದು. ಅವರು ಓದ್ಮೇಲೆ ಯಾರಿಗೆ ಅಂತ ಸುಣ್ಣ ಬಳೀಲಿ? ಅನ್ನೆರಡು ವರ್ಸ ಗೋಡೆ ಅಂಗೇ ಇತ್ತು" ಅಂದಳು.

ಅರ್ಚನ ಮೇಡಂ ತಲೆಯಾಡಿಸಿದರು. ಮುನಿಸ್ವಾಮಪ್ಪ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಪೆನ್ನು ಜೇಬಿಗೆ ಸಿಕ್ಕಿಸಿ, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಬರೆದುಕೊಂಡ. ಬೇರೆಯವರದೆಲ್ಲ ಪೆನ್ನಿನಲ್ಲಿ ಬರೆದವನು ತನ್ನದನ್ನೇಕೆ ಪೆನ್ಸಿಲ್ಲಿನಲ್ಲಿ ಬರೆದ ಎಂಬ ಮುಳ್ಳು ಅಂದಿನಿಂದ ಅವಳಿಗೆ ಚುಚ್ಚತೊಡಗಿತು.

ಆ ಗೋಡೆಯ ಆಚೆ ಬದಿಯಲ್ಲಿ ಧನುಶ್ರೀ ಇದ್ದಳು. ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಹಾವೇರಿ ಕಡೆಯಿಂದ ಬಂದು ಎರಡು ವರ್ಷ ತುಂಬಿರಲಿಲ್ಲ. ಬಂದ ಹೊಸದರಲ್ಲಿ ತಾವೇ ಗುಲಾಬಿ ಬಣ್ಣ ಬಳಿದಿದ್ದು, ಬಿರುಕು ಬಿಟ್ಟಿದ್ದು ಅದಾದ ಮೇಲೆ ಎಂದು ಅವಳು ಹೇಳಿದಳು. ನಲ್ಲಿಯ ಹತ್ತಿರ ಯಾರೂ ನಂಬಲಿಲ್ಲ. ಎಬ್ಬಿಸಿದವರಿಗೆ ಸಿಗುವ ಹೊಸ ಕ್ವಾರ್ಟರ್ಸ್ ಹೊಡೆಯಲು ಹೊರಗಿನವಳು ನಾಟಕ ಕಟ್ಟಿದ್ದಾಳೆ, ಅಕ್ಕಯ್ಯಮ್ಮ ಸುಳ್ಳು ಹೇಳುವವಳೇ ಎಂದು ಆಡಿಕೊಂಡರು. ಅಕ್ಕಯ್ಯಮ್ಮ ಬಿಂದಿಗೆ ತುಂಬಿಸಿಕೊಂಡು ಸುಮ್ಮನೆ ಬಂದಳು. ಧನುಶ್ರೀಯ ಎಂಟು ತಿಂಗಳ ಮಗುವಿನ ತೊಟ್ಟಿಲು ಆ ಗೋಡೆಗೆ ಒತ್ತಿದಂತೆಯೇ ತೂಗುತ್ತಿತ್ತು. ಮಧ್ಯಾಹ್ನವಾಯಿತೆಂದರೆ ತೊಟ್ಟಿಲ ಸರಪಳಿಯ ಕಿರುಗುಟ್ಟುವಿಕೆ ಇತ್ತ ಕಡೆಗೆ ಕೇಳುತ್ತಿತ್ತು. ಮೊದಲು ಆ ಸದ್ದಿಗೆ ಅವಳಿಗೆ ಜೊಂಪು ಹತ್ತುತ್ತಿತ್ತು. ಈಗ ಹತ್ತುತ್ತಿರಲಿಲ್ಲ.

ಮುಂದಿನ ವಾರ ಮುನಿಸ್ವಾಮಪ್ಪ ಒಬ್ಬನೇ ಬಂದು ಹೊಸ್ತಿಲಾಚೆ ಕೂತ. ತನ್ನ ಬಾಯಿ ಬಿಡಿಸಲು ಬಂದಿದ್ದಾನೆಂದು ಅವಳು ನೀರು ಬೇಕೇ ಎಂದು ಸಹ ಕೇಳಲಿಲ್ಲ.

"ಅತ್ತಲಾಗೆ ನೋಡಿದ್ರೆ ಎರಡು ವರ್ಸ ಇಲ್ಲ. ಇತ್ತಲಾಗೆ ಅನ್ನೆರಡು ದಾಟಿದೆ. ಗೋಡೆ ಒಂದೇ ಅಲ್ವಾಕ್ಕಾ?"

"ಆ ಉಡುಗೀನ ಕೇಳೋಗು."

"ಕೇಳ್ದೆ. ಅವಳ ಮಾತು ಯಾರೂ ನಂಬ್ತಾ ಇಲ್ಲ, ನಿನ್ನ ಮಾತೇ ನಂಬ್ತಾವ್ರೆ. ಅದಕ್ಕೇ ಬಂದೆ."

ಅಕ್ಕಯ್ಯಮ್ಮ ಅವನ ಕಿವಿಯ ಮೇಲಿನ ಪೆನ್ಸಿಲ್ ನೋಡಿ, "ನನ್ನದನ್ಯಾಕೆ ಪೆನ್ಸಿಲ್ಲಲ್ಲಿ ಬರ್ದೆ?" ಎಂದು ಕೇಳಿದಳು.

ಮಸಿ ನೋಡಿಯೇ ಹೊಟ್ಟೆ ಹೊರೆದವನು ತಾನು ಎಂದ ಅವನು. ಸುಣ್ಣದ ಪ್ರತಿ ಪದರದ ಮೇಲೂ ಒಂದು ವರ್ಷದ ಒಲೆಹೊಗೆ ಎಳೆಯಾಗಿ ಕೂತಿದೆ. ಹನ್ನೆರಡು ವರ್ಷ ಬಿಟ್ಟ ಗೋಡೆಯಾದರೆ ಹಸಿರಿನ ಮೇಲೆ ಹೊಗೆ ಕಪ್ಪಗೆ ಕಟ್ಟಿರಬೇಕಿತ್ತು, ಅಲ್ಲಿರುವುದು ಒಂದೇ ಎಳೆ. ಬಿರುಕಿನ ಅಂಚಿನಲ್ಲಿ ಹಸಿರನ್ನೂ ಸೇರಿಸಿ ಕೆಳಕ್ಕೆ ಹನ್ನೊಂದು ಪದರ ದಾಟಿದರೆ ಒಂದು ಕಡೆ ಮಾತ್ರ ಹೊಗೆ ಎರಡರಷ್ಟು ದಪ್ಪವಾಗಿದೆ.

"ಒಂದು ಸಂಕ್ರಾಂತಿ ಮಾತ್ರ ಬಿಟ್ಟಿದೀಯ," ಎಂದ.

"ಅವರು ಓದ ವರ್ಸ," ಎಂದಳು. ದನಿ ತಗ್ಗಿತ್ತು. "ದಿಟ ಏಳಿದ್ರೆ ನನ್ನ ಎಬ್ಬುಸ್ತಾರಾ?"

"ಎಬ್ಬುಸ್ಬೌದು. ಎಬ್ಬುಸ್ದೇನೂ ಇರ್ಬೌದು. ನನ್ನ ಕೈಲಿಲ್ಲ ಅಕ್ಕಾ."

ಚಿಂತೆ ಬೇಡ ಎಂದು ಪುಸಲಾಯಿಸಿದ್ದರೆ ಅವಳು ಬಾಗಿಲು ಹಾಕಿಕೊಳ್ಳುತ್ತಿದ್ದಳೋ ಏನೋ. ಗೋಡೆಯಾಚೆ ಸರಪಳಿ ಕಿರುಗುಟ್ಟುತ್ತಿತ್ತು. ಅಕ್ಕಯ್ಯಮ್ಮ ಒಂದು ಚೊಂಬು ನೀರು ತಂದು ಅವನ ಮುಂದಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಹಸಿರು ಬಳಿದದ್ದು ಎರಡು ವರ್ಷದ ಕೆಳಗೆ. ಅದೇ ವರ್ಷ ದೀಪಾವಳಿಯ ಮೂರನೆಯ ದಿನ, ಮಧ್ಯಾಹ್ನದ ಅನ್ನ ಬಸಿಯುವಾಗ ನೆಲ ಒಮ್ಮೆ ಗುದ್ದಿತು, ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಗಲಗಲ ಎಂದವು, ಸಂಜೆ ನೋಡಿದರೆ ಬಿರುಕು. ಅವನು ಪೆನ್ಸಿಲ್ಲಿನದನ್ನು ಅಳಿಸಿ ಪೆನ್ನಿನಲ್ಲಿ ಬರೆದ.

ಹತ್ತು ದಿನಕ್ಕೆ ಎರಡೂ ಮನೆಗಳ ಹಿಂದಿನ ಕೋಣೆಗಳಿಗೆ ಗೋಡೆ ಬೀಳದಂತೆ ಮರದ ಊರೆ ಕೊಟ್ಟು, ಅಲ್ಲಿ ಯಾರೂ ಮಲಗಬಾರದು, ಅಡುಗೆ ಮಾಡಬಾರದು ಎಂದರು. ಎಬ್ಬಿಸುವ ಮಾತು ಸದ್ಯಕ್ಕೆ ಬರಲಿಲ್ಲ. ತೊಟ್ಟಿಲು ಮುಂದಿನ ಕೋಣೆಗೆ ಹೋಯಿತು, ಅಕ್ಕಯ್ಯಮ್ಮನ ಒಲೆಯೂ. ನಲ್ಲಿಯ ಹತ್ತಿರ ಈಗ ಜನ ಓರೆಗಣ್ಣಿನಿಂದ ನೋಡುವುದು ಅವಳನ್ನು. ಧನುಶ್ರೀ ಒಂದು ತಿಂಗಳು ಮಾತು ಬಿಟ್ಟಿದ್ದಳು. ಆಮೇಲೊಂದು ದಿನ ಮಗುವನ್ನು ಅವಳ ಕೈಗಿಟ್ಟು ನೀರಿಗೆ ಹೋದಳು, ಅಷ್ಟೇ.

ಆರು ತಿಂಗಳು ಮುಗಿದ ದಿನ ಮುನಿಸ್ವಾಮಪ್ಪ ಸಂಜೆಯ ರೈಲಿಗೆ ಮೊದಲು ಬಂದ. ಹೇಳಿ ಹೋಗಲು ಬಂದವನು ಊರೆ ಕೊಟ್ಟ ಕೋಣೆಗೆ ಹೋಗಿ ನಿಂತದ್ದು ಕಂಡು, ಇನ್ನೇನು ಹುಡುಕುತ್ತಿದ್ದಾನೋ ಎಂದು ಅವಳಿಗೆ ಮತ್ತೆ ಅನುಮಾನ. ಅವನು ಬಿರುಕನ್ನು ಬೆರಳಗೆಣ್ಣಿನಿಂದ ಒಮ್ಮೆ ತಟ್ಟಿ, ಪುಸ್ತಕದ ಕೊನೆಯ ಹಾಳೆ ತೆಗೆದ. ಕೈಯಲ್ಲಿದ್ದದ್ದು ಪೆನ್ನು.

"ಮುಂದೆ ಯಾರಾದ್ರೂ ಬಂದು ಕೆರೆದು ನೋಡಿದ್ರೆ ಗೊತ್ತಾಗ್ಬೇಕಲ್ಲ. ಬರೋ ಸಂಕ್ರಾಂತಿಗೆ ಈ ಗೋಡೆಗೆ ಯಾವ ಬಣ್ಣ ಬಳಿತೀಯಾ ಅಕ್ಕಾ?"