ಮೀನಿನ ತೊಟ್ಟಿಯ ಕಾಲುಗಳು

ಗ್ರಾಫ್ ಹಾಳೆಯ ಬಲಮೂಲೆಯಲ್ಲಿ ನೀಲಿ ಶಾಯಿಯಲ್ಲಿ ‘ಒಳಗಿನ ಕಾಲುಗಳು, ಅರ್ಧ ಇಂಚು’ ಎಂದು ಬರೆದಿತ್ತು. ‘ಒಳಗಿನ’ ಎಂಬುದರ ಕೆಳಗೆ ಎರಡು ಗೆರೆ. ಅಕ್ಷರ ನನ್ನದು, ಮಾತು ಅಪ್ಪನದು. ಆ ಹಾಳೆಯನ್ನು ನಾಲ್ಕಾಗಿ ಮಡಚಿ ಒಂದು ಭಾನುವಾರ ಸಂಜೆಯೆಲ್ಲ ನನ್ನ ಕೈಚೀಲದಲ್ಲಿ ಬಚ್ಚಿಟ್ಟಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಜಯನಗರದ ಒಂದು ಮಹಡಿ ಮನೆಯ ಕೆಳಗಿನ ಭಾಗದಲ್ಲಿ ಅಪ್ಪ, ಅಮ್ಮ, ನಾನು ಮೂವರು ಇದ್ದೆವು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಅಪ್ಪ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ, ಯಂತ್ರದ ಉಪಕರಣಗಳನ್ನು ಅಳತೆಗೆ ತಕ್ಕಂತೆ ಮಾಡುವ ಕಡೆ, ಇಪ್ಪತ್ತೆಂಟು ವರ್ಷ ಕೆಲಸ ಮಾಡಿದವರು. ಆ ವರ್ಷ ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಅವರಿಗೆ ಸ್ಟ್ರೋಕ್ ಆಗಿ ಕೆಲಸಕ್ಕೆ ಹೋಗುವುದು ನಿಂತಿತು. ಡಾಕ್ಟರು ಚಿಕ್ಕದು ಎಂದರು. ನಡಿಗೆ ತಿಂಗಳಲ್ಲಿ ಸರಿಹೋಯಿತು, ಬಲಗೈಯ ಹಿಡಿತ ಅರ್ಧ ಮಾತ್ರ ವಾಪಸು ಬಂತು. ಸರಿಯಾಗಿ ಹಿಂದಿರುಗದೆ ಉಳಿದದ್ದು ಮಾತು. ಆಗೊಮ್ಮೆ ಈಗೊಮ್ಮೆ ಬೇಕಾದ ಪದದ ಜಾಗದಲ್ಲಿ ಅದರ ಎದುರಿನದು ಬರುತ್ತಿತ್ತು. ಬಾಗಿಲು ಹಾಕು ಎನ್ನುವ ಬದಲು ತೆಗಿ ಎನ್ನುವರು. ನಾವು ತಿದ್ದದೆ ಬಾಗಿಲು ಹಾಕುತ್ತಿದ್ದೆವು. ತಿದ್ದಲಿಲ್ಲವೆಂಬುದರಿಂದಲೇ ಅವರಿಗೆ ತಪ್ಪು ಗೊತ್ತಾಗುತ್ತಿತ್ತು.

ಕೈ ಹೋದರೆ ಹೋಗಲಿ, ತಲೆ ನೆಟ್ಟಗಿದೆಯೇ ಎಂಬುದೊಂದೇ ಅವರ ಚಿಂತೆ. ಸಂಜೆ ವರಾಂಡದಲ್ಲಿ ಕೂತು ಕಾರ್ಖಾನೆಯ ಬಸ್ಸು ನಿಲ್ಲುತ್ತಿದ್ದ ಜಾಗಗಳನ್ನು ಮೆಲ್ಲಗೆ ಹೇಳಿಕೊಳ್ಳುವರು: ನಾಲ್ಕನೇ ಬ್ಲಾಕು, ಅಶೋಕ ಪಿಲ್ಲರ್, ಸಿದ್ದಾಪುರ, ವಿಲ್ಸನ್ ಗಾರ್ಡನ್. ತಡವರಿಸದೆ ಕೊನೆ ಮುಟ್ಟಿದ ದಿನ ಸಾರಿಗೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವರು.

ಮೇಲಿನ ಮನೆಯವರಿಗೆ ದೆಹಲಿಗೆ ವರ್ಗವಾದಾಗ ಅವರ ಮೀನಿನ ತೊಟ್ಟಿ ನಮ್ಮ ಪಾಲಿಗೆ ಬಂತು. ಎರಡೂವರೆ ಅಡಿ ಉದ್ದದ್ದು, ಕಬ್ಬಿಣದ ಚೌಕಟ್ಟಿಗೆ ಪುಟ್ಟಿ ಹಾಕಿ ಗಾಜು ಕೂರಿಸಿದ್ದು. ಅವರು ಅದನ್ನು ಗೋಡೆಯ ಕಟ್ಟೆಯ ಮೇಲೆ ಇಟ್ಟಿದ್ದರಿಂದ ಸ್ಟ್ಯಾಂಡು ಇರಲಿಲ್ಲ. ನಾಲ್ಕು ಕಿತ್ತಳೆ ಬಣ್ಣದ ಮೀನುಗಳು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಮ್ಮ ಬಚ್ಚಲಿಗೆ ಬಂದವು. ಕೊಳಾಯಿ ನೀರಿನಲ್ಲಿ ಕ್ಲೋರಿನ್ ಇರುತ್ತಿದ್ದುದರಿಂದ ಒಂದು ದಿನ ಹಿಡಿದಿಟ್ಟ ನೀರನ್ನೇ ಹಾಕಬೇಕಿತ್ತು. ಬೆಳಿಗ್ಗೆ ಐದೂವರೆಗೆ ಎದ್ದು ಬಕೆಟ್ಟಿನ ಅರ್ಧ ನೀರು ಚೆಲ್ಲಿ, ಹಿಂದಿನ ದಿನದ ನೀರು ಸುರಿಯುವುದು ನನ್ನ ಕೆಲಸವಾಯಿತು. ಯಾರೂ ನನಗೆ ವಹಿಸಿರಲಿಲ್ಲ. ಆ ವರ್ಷ ನನ್ನ ಪಾಲಿಗೆ ಬಂದ ಬಹುಪಾಲು ಕೆಲಸಗಳು ಹಾಗೆಯೇ ಬಂದವು.

ಸ್ಟ್ಯಾಂಡನ್ನು ತಾವೇ ಮಾಡುವುದಾಗಿ ಅಪ್ಪ ಹೇಳಿದರು. ನಾಲ್ಕು ವರ್ಷದ ಕೆಳಗೆ ಕಾರ್ಖಾನೆಯಿಂದ ತಂದ ಪ್ಯಾಕಿಂಗ್ ಕೇಸಿನ ಮರ ಹಿತ್ತಿಲಲ್ಲಿ ಇತ್ತು. ನಮ್ಮ ಪುಸ್ತಕದ ಬೀರು, ಅಡುಗೆಮನೆಯ ಶೆಲ್ಫು ಎಲ್ಲ ಆ ಮರದ್ದೇ.

“ಬಡಗಿ ಕೈಲಿ ಮಾಡಿಸಿದ್ರೆ ಎರಡು ದಿನದ ಕೆಲಸ ರೀ,” ಎಂದರು ಅಮ್ಮ.

“ಬಡಗಿ ಮೊಳೆ ಹೊಡೀತಾನೆ. ನೂರು ಕೆ.ಜಿ. ಮೇಲೆ ಬರುತ್ತೆ. ಮೊಳೆ ತಡೆಯುತ್ತಾ?”

“ಮದುವೆಗೆ ಮಂಚ ಮಾಡಿಸ್ದಾಗ ಇಷ್ಟು ಅಳತೆ ನೋಡಿರ್ಲಿಲ್ಲ ನಿಮ್ಮಪ್ಪ. ಮೀನಿಗೆ ಮಂಟಪ ಕಟ್ತಾ ಇದಾರೆ,” ಎಂದು ಅಮ್ಮ ನನ್ನ ಕಡೆ ತಿರುಗಿದರು. “ಅದೂ ತಿನ್ನೋರಲ್ಲ ನಾವು.”

ಭಾರದ ಲೆಕ್ಕ ನಾನು ಹಾಕಿಕೊಟ್ಟೆ. ನೀರು ಎಂಬತ್ತು ಕೆ.ಜಿ., ಗಾಜು, ಕಬ್ಬಿಣ, ಕಲ್ಲು ಸೇರಿ ನೂರ ಹತ್ತು. ಅಪ್ಪ ಅದನ್ನು ಮತ್ತೆ ಮನಸ್ಸಿನಲ್ಲೇ ಹಾಕಿ ಸರಿ ಎಂದರು. ಇದು ಅವರ ಪರೀಕ್ಷೆ ಎಂದು ನನಗೂ ಅಮ್ಮನಿಗೂ ಗೊತ್ತಿತ್ತು. ಸ್ಟ್ಯಾಂಡು ನೇರ ನಿಂತರೆ ಅವರು ಮತ್ತೆ ಕೆಲಸಕ್ಕೆ ಹೋಗುವ ಮಾತಾಡುತ್ತಾರೆ. ನಿಲ್ಲದಿದ್ದರೆ ಏನು ಎಂದು ನಾವು ಯೋಚಿಸಲಿಲ್ಲ.

ಐದು ಭಾನುವಾರ ಹಿಡಿಯಿತು. ಗರಗಸದ ಹಿಡಿಗೆ ಹಳೆಯ ಬನಿಯನ್ನಿನ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಿದ್ದರು. ಅವರು ಕೊಯ್ಯುವರು, ನಾನು ಮರದ ಇನ್ನೊಂದು ತುದಿಯ ಮೇಲೆ ಮೊಣಕಾಲೂರಿ ಕೂರುವೆ. ಒಂದು ಮರದಲ್ಲಿ ತೂತು, ಇನ್ನೊಂದರ ತುದಿಯಲ್ಲಿ ಅದಕ್ಕೆ ಹೊಂದುವ ನಾಲಗೆ, ಮೊಳೆ ಇಲ್ಲ. ಮುಂದಿನ ಹಲಗೆಯನ್ನು ಉಪ್ಪುಕಾಗದ ಹಾಕಿ ಎರಡು ಭಾನುವಾರ ಉಜ್ಜಿದರು. ಹಿಂದಿನ ಹಲಗೆಯ ಮೇಲೆ ಪ್ಯಾಕಿಂಗ್ ಕೇಸಿನ ಕಪ್ಪು ಬಾಣವೂ ಛತ್ರಿಯ ಗುರುತೂ ಇದ್ದವು. ಗೋಡೆಗೆ ಹೋಗುವುದು ತಾನೇ ಎಂದು ಹಾಗೇ ಬಿಟ್ಟರು. ನನಗೆ ಸೋಮವಾರ ತಿದ್ದಿ ಕೊಡಬೇಕಾದ ವಿದ್ಯಾರ್ಥಿಗಳ ಲ್ಯಾಬ್ ರೆಕಾರ್ಡು ಪುಸ್ತಕಗಳು ಒಳಗೆ ಮೇಜಿನ ಮೇಲೆ ಕಾಯುತ್ತಿರುತ್ತಿದ್ದವು. ಮರ ಹಿಡಿದು ಕೂತಾಗ ಅವುಗಳನ್ನು ಎಣಿಸುತ್ತಿದ್ದೆ.

ಐದನೆಯ ಭಾನುವಾರ ಮಧ್ಯಾಹ್ನ ಸ್ಟ್ಯಾಂಡನ್ನು ಹಾಲಿನಲ್ಲಿ ಗೋಡೆಯ ಉದ್ದಕ್ಕೆ ಇಟ್ಟೆವು. ನಮ್ಮ ಹಾಲಿನದು ಕೆಂಪು ಗಾರೆಯ ನೆಲ. ತೊಳೆದ ನೀರು ತಾನಾಗಿ ಹೊರಗೆ ಹರಿಯಲಿ ಎಂದು ಮನೆ ಕಟ್ಟಿದ ಮೇಸ್ತ್ರಿ ಅಡುಗೆಮನೆಯಿಂದ ಬೀದಿ ಬಾಗಿಲಿನವರೆಗೆ ಧಾರಾಳವಾಗಿ ಇಳಿಜಾರು ಕೊಟ್ಟಿದ್ದ. ಅಪ್ಪ ಸ್ಟ್ಯಾಂಡಿನ ಮೇಲೆ ರಸಮಟ್ಟ ಇಟ್ಟು, ಒಳಗಿನ ಗುಳ್ಳೆ ಎತ್ತರದ ಕಡೆಗೆ ಓಡುವುದನ್ನು ನೋಡಿ, ಬಾಗಿಲ ಕಡೆಯ ಕಾಲಿನ ಕೆಳಗೆ ರಟ್ಟಿನ ಚೂರುಗಳನ್ನು ಒಂದೊಂದಾಗಿ ತುರುಕಿ ಅಳೆದರು.

“ಅಡುಗೆಮನೆ ಕಡೆಗಿರೋ ಒಳಗಿನ ಕಾಲುಗಳು ಅರ್ಧ ಇಂಚು ಹೋಗ್ಬೇಕು. ಬರ್ಕೊ.”

ಬರೆದುಕೊಂಡೆ. ಅವರಿಗೆ ಪದಗಳು ಅದಲುಬದಲಾಗುವುದು ಜ್ಞಾಪಕದಲ್ಲಿದ್ದುದರಿಂದ ಇಳಿಜಾರನ್ನು ನಾನೂ ನೋಡಿ, ಅವರು ಹೇಳಿದ್ದು ಸರಿ ಎಂದು ಖಾತ್ರಿ ಮಾಡಿಕೊಂಡು ‘ಒಳಗಿನ’ ಎಂಬುದರ ಕೆಳಗೆ ಎರಡು ಗೆರೆ ಎಳೆದೆ. ಆಮೇಲೆ ಇಬ್ಬರೂ ಸೇರಿ ಸ್ಟ್ಯಾಂಡನ್ನು ವರಾಂಡಕ್ಕೆ ಸಾಗಿಸಿ, ಕಾಲು ಮೇಲಾಗಿ ಮಗುಚಿ ಇಟ್ಟೆವು. ಅಪ್ಪನಿಗೆ ಪೆನ್ಸಿಲ್ ಹಿಡಿದರೆ ಗೆರೆ ನಡುಗುತ್ತಿತ್ತು. ಗುರುತು ನಾನೇ ಹಾಕಿದೆ.

“ಸರಿಯಾಗಿ ನೋಡಿದ್ಯಾ?”

“ನೋಡಿದೆ ಅಪ್ಪ.”

“ಇನ್ನೊಂದ್ಸಲ ನೋಡು. ಕೊಯ್ದ ಮೇಲೆ ಅಂಟಿಸೋಕಾಗಲ್ಲ.”

“ನೋಡಿದೆ ಅಂದ್ನಲ್ಲ.”

ನೋಡಿರಲಿಲ್ಲ. ವರಾಂಡದಲ್ಲಿ ಮನೆಯ ಕಡೆಗಿದ್ದ ಎರಡು ಕಾಲುಗಳೇ ಒಳಗಿನವು ಎಂದುಕೊಂಡಿದ್ದೆ. ಬಾಗಿಲಲ್ಲಿ ತೂರಿಸಲು ಸ್ಟ್ಯಾಂಡನ್ನು ಹೊರಳಿಸಿದಾಗ ಆ ತುದಿ ಈ ತುದಿಯಾಗಿತ್ತು. ಅಪ್ಪ ಅಷ್ಟು ವರ್ಷದ ಕೆಲಸದಲ್ಲಿ ಇನ್ನೊಬ್ಬರು ಹಾಕಿದ ಗುರುತನ್ನು ತಾವೇ ಅಳೆಯದೆ ಕೊಯ್ದವರಲ್ಲ. ಅವತ್ತು ನನ್ನ ಮಾತಿನ ಮೇಲೆ ಕೊಯ್ದರು. ಒಂದು ಗಂಟೆ ಹಿಡಿಯಿತು. ಕೊಯ್ತ ಕಾಗದದ ಅಂಚಿನಷ್ಟು ನೇರವಾಗಿತ್ತು.

ಒಳಗೆ ತಂದು ಮೊದಲಿನ ಜಾಗದಲ್ಲೇ ಇಟ್ಟು ರಸಮಟ್ಟ ಇಟ್ಟಾಗ ಗುಳ್ಳೆ ಅಡುಗೆಮನೆಯ ಕಡೆಯ ತುದಿಗೆ ಹೋಗಿ ಅಂಟಿಕೊಂಡಿತು. ಅರ್ಧ ಇಂಚಿನ ಓರೆ ಒಂದು ಇಂಚಾಗಿತ್ತು. ಅಪ್ಪ ಬಗ್ಗಿ ಬಾಗಿಲ ಕಡೆಯ ಕಾಲನ್ನು ಮುಟ್ಟಿ ನೋಡಿದರು. ಹೊಸ ಕೊಯ್ತ ಅಲ್ಲಿತ್ತು.

“ನಾನು ಯಾವ ಕಡೇದು ಅಂದೆ?” ಎಂದು ನನ್ನನ್ನು ಕೇಳಿದರು.

ಹಾಳೆ ನನ್ನ ಕೈಯಲ್ಲೇ ಇತ್ತು.

“ಜ್ಞಾಪಕ ಇಲ್ಲಪ್ಪ.”

“ಹೊರಗಡೇದು ಅಂದಿರ್ತೀನಿ. ಒಳಗಡೆ ಅನ್ನೋಕ್ಹೋಗಿ ಹೊರಗಡೆ ಅಂದಿರ್ತೀನಿ.”

ನಾನು ಹಾಳೆಯನ್ನು ನಾಲ್ಕಾಗಿ ಮಡಚಿ ಕೈಚೀಲದಲ್ಲಿ ಬಚ್ಚಿಟ್ಟೆ. ಏಕೆಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ನಮ್ಮ ಮನೆಯಲ್ಲಿ ಲೆಕ್ಕ ತಪ್ಪದವಳು ನಾನು. ಕರೆಂಟು ಬಿಲ್ಲಿನಿಂದ ಔಷಧದ ಹೊತ್ತಿನವರೆಗೆ ಎಲ್ಲಕ್ಕೂ ‘ಅವಳನ್ನ ಕೇಳು’ ಎನ್ನುತ್ತಿದ್ದರು. ಅದೂ ಒಂದು ಕಾರಣವಿರಬೇಕು. ಉಳಿದದ್ದು ಬರೀ ದಣಿವು. ತಪ್ಪು ನನ್ನದು ಎಂದರೆ ಮತ್ತೆ ಮಾತು, ಮತ್ತೆ ಅಳತೆ, ಮತ್ತೆ ಮೊಣಕಾಲೂರಿ ಕೂರುವುದು. ಕೂರಲು ಸಿಕ್ಕರೆ ಸಾಕಾಗಿತ್ತು ನನಗೆ.

“ಕೆಳಗೆ ಒಂದು ಚೂರು ಹಲಗೆ ಕೊಟ್ರೆ ಆಗಲ್ವಾ?” ಎಂದರು ಅಮ್ಮ.

“ನೂರು ಕೆ.ಜಿ. ಚೂರಿನ ಮೇಲೆ ನಿಲ್ಲಲ್ಲ. ಚೌಕಟ್ಟು ತಿರುಚಿದ್ರೆ ಗಾಜು ಸೀಳುತ್ತೆ.” ರಸಮಟ್ಟ ಎತ್ತಿಕೊಳ್ಳುತ್ತ ಹೇಳಿದರು: “ಅದಲ್ಲ ವಿಷಯ.”

ಅವತ್ತು ಸಂಜೆ ವರಾಂಡದಲ್ಲಿ ಕೂತು ಬಸ್ಸಿನ ಜಾಗಗಳನ್ನು ಶುರು ಮಾಡಿದರು. ಸಿದ್ದಾಪುರದವರೆಗೆ ಹೋಗಿ ನಿಲ್ಲಿಸಿದರು. ಮರೆತಿದ್ದರೋ, ಬೇಡವೆನಿಸಿತೋ ಗೊತ್ತಿಲ್ಲ. ಊಟಕ್ಕೆ ಕೂತಾಗ ಅಮ್ಮನಿಗೆ, “ಆ ಟೂಲ್ ಪೆಟ್ಟಿಗೆ ಬಡಗಿಗೆ ಕೊಟ್ಬಿಡೋಣ. ನಾಳೆ ಕೆಲಸಕ್ಕೆ ಹೋಗೋಕ್ಮುಂಚೆ ಬಂದು ತೊಗೊಂಡು ಹೋಗು ಅಂತ ಹೇಳ್ಬಾ,” ಎಂದರು.

“ಈಗ್ಯಾಕೆ ಅದೆಲ್ಲ?”

“ಇಟ್ಕೊಂಡು ಏನ್ಮಾಡ್ಲಿ? ಹೇಳೋದೊಂದು, ಬರೋದೊಂದು. ನಾಳೆ ಯಾರದಾದ್ರೂ ಕೈ ಕೊಯ್ತೀನಿ.”

ಅಮ್ಮ ಪಕ್ಕದ ರಸ್ತೆಗೆ ಹೋಗಿ ಹೇಳಿ ಬಂದರು. ನಾನು ರೆಕಾರ್ಡು ಪುಸ್ತಕಗಳನ್ನು ತಿದ್ದಲು ಕೂತೆ. ವಿದ್ಯಾರ್ಥಿಯೊಬ್ಬ ರೀಡಿಂಗು ತಪ್ಪಾಗಿ ಬರೆದು, ಅದನ್ನು ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದಿದ್ದ. ಹಾಗೆ ಬರೆದರೆ ಅಂಕ ಕಳೆಯಬಾರದೆಂದು ನಾನೇ ಅವರಿಗೆ ಹೇಳಿದ್ದೆ. ಎರಡು ಪುಸ್ತಕ ತಿದ್ದಿ ದೀಪ ಆರಿಸಿದೆ.

ಮಾರನೆಯ ದಿನ ಐದೂವರೆಗೆ ಎದ್ದರೂ ಬಕೆಟ್ಟಿನ ನೀರು ಬದಲಿಸಲಿಲ್ಲ. ಮೊದಲು ಕಾಫಿ ಬೆರೆಸಿದೆ. ಅಪ್ಪ ವರಾಂಡದಲ್ಲಿ ಕೂತಿದ್ದರು. ಬಟ್ಟೆ ಸುತ್ತಿದ ಗರಗಸವೂ ಸೇರಿ ಎಲ್ಲವನ್ನೂ ಪೆಟ್ಟಿಗೆಗೆ ಜೋಡಿಸಿ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ಲೋಟದ ಜೊತೆಗೆ ಗ್ರಾಫ್ ಹಾಳೆಯನ್ನು ಬಿಡಿಸಿ ಇಟ್ಟೆ.

“ನೀವು ಒಳಗಿನದು ಅಂತಲೇ ಅಂದ್ರಿ ಅಪ್ಪ. ಬರ್ಕೊಂಡಿದ್ದೆ. ಗುರುತು ಹಾಕುವಾಗ ನಾನು ಕಡೆ ತಪ್ಪಿದೆ. ನಿನ್ನೆ ಗೊತ್ತಿದ್ದೂ ಹೇಳ್ಲಿಲ್ಲ.”

ಅವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಓದಿದರು. ಎರಡು ಗೆರೆಗಳ ಮೇಲೆ ಬೆರಳಿಟ್ಟರು. ಬೈಯಲಿ ಎಂದು ಕಾದೆ.

“ಹಾಗಾದ್ರೆ ಬಾಗಿಲ ಕಡೇದು ಅರ್ಧ ಇಂಚು ಚಿಕ್ಕದಾಗಿದೆ,” ಎಂದರು ಕೊನೆಗೆ.

“ಹೌದು.”

“ತಿರುಗಿಸಿ ಇಟ್ರೆ ಅದೇ ಒಳಗಿನದಾಗುತ್ತಲ್ಲ.”

ನಾನು ಅವರನ್ನೇ ನೋಡಿದೆ. ಒಂದು ಸಂಜೆಯೆಲ್ಲ ಆ ಸ್ಟ್ಯಾಂಡು ನಮ್ಮ ಮೂವರ ಎದುರಿಗೇ ಇತ್ತು.

“ಎಂ.ಎಸ್ಸಿ.,” ಎಂದರು ಅಪ್ಪ, ಕಾಫಿ ಎತ್ತಿಕೊಳ್ಳುತ್ತ.

ಒಂದು ತುದಿ ಅವರು ಎಡಗೈಯಲ್ಲಿ ಹಿಡಿದರು, ಇನ್ನೊಂದು ನಾನು. ತಿರುಗಿಸಿ ಇಟ್ಟೆವು. ಗುಳ್ಳೆ ನಡುವಿಗೆ ಬಂದು ನಿಂತಿತು. ಎರಡು ಭಾನುವಾರ ಉಜ್ಜಿದ ಹಲಗೆ ಗೋಡೆಗೆ ಹೋಯಿತು. ಕಪ್ಪು ಬಾಣವೂ ಛತ್ರಿಯೂ ಹಾಲಿಗೆ ಮುಖ ಮಾಡಿದವು. ಅಮ್ಮ ಅಡುಗೆಮನೆಯಿಂದ ಬಂದು ಅದನ್ನು ನೋಡಿ ಒಳಗೆ ಹೋದರು. ಬಡಗಿ ಗೇಟಿನ ಹತ್ತಿರ ಬಂದಾಗ ನಾನೇ ಹೋಗಿ, ಪೆಟ್ಟಿಗೆ ಬೇಕಾಗಿದೆ, ಸುಮ್ಮನೆ ಬರುವ ಹಾಗಾಯಿತು ಎಂದು ಹೇಳಿ ಕಳಿಸಿದೆ. ಆಮೇಲೆ ಬಚ್ಚಲಿಗೆ ಹೋಗಿ, ತಡವಾಗಿತ್ತಾದರೂ, ಬಕೆಟ್ಟಿನ ಅರ್ಧ ನೀರು ಚೆಲ್ಲಿ ಹಿಂದಿನ ದಿನದ್ದನ್ನು ಸುರಿದೆ. ತಿದ್ದದ ಪುಸ್ತಕಗಳನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ದಿನದ ಬಸ್ಸು ತಪ್ಪಿದ್ದರಿಂದ ಎರಡನೇ ಬಸ್ಸಿಗೆ ಹೊರಟೆ.